ಏಳು ಹೆಜ್ಜೆ ನಡೆದ ಬಾಂದುಕಲ್ಲು

'ಕರಿಮಣ್ಣು' ಎಂಬ ಮೊಬೈಲ್ ಆಟದ ವಿಸ್ತರಣೆಯನ್ನು ರಚಿಸಿ, ತಮ್ಮ ಹೆಸರು ಮಾತ್ರ ಹೇಳದೆ, ಪುಕ್ಕಟೆಯಾಗಿ ಲೋಕಕ್ಕೆಲ್ಲ ಹಂಚಿದ ಪುಣ್ಯಾತ್ಮರ ಸನ್ನಿಧಿಗೆ,

ಮಾನ್ಯರೇ,

ಹುಮನಾಬಾದ ತಾಲೂಕು ಘಾಟಬೋರಾಳದ ರೈತ ಗುರುಶಾಂತ, ವಯಸ್ಸು ನಲವತ್ತೊಂದು, ಮೊಣಕಾಲು ಎರಡೂ ನೋವು, ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮವಾಗಿಲ್ಲ. ಅದಕ್ಕೆ ಕಾರಣರಾದ ತಾವಾದರೂ ಎಲ್ಲಿದ್ದರೂ ಕ್ಷೇಮವಾಗಿರಬೇಕೆಂದು, ಈ ದೂರನ್ನು ಪೂರ್ತಿ ಓದುವಷ್ಟು ಆಯುರಾರೋಗ್ಯ ತಮಗೆ ದೊರೆಯಬೇಕೆಂದು ಮಾಣಿಕಪ್ರಭುಗಳಲ್ಲಿ ಬೇಡಿಕೊಂಡು ಈ ಪತ್ರ ಆರಂಭಿಸುತ್ತೇನೆ.

ತಮಗೆ ತಿಳಿಯದ್ದೇನಲ್ಲ. 'ಮಣ್ಣುಗೂಡು' ಎಂಬ ಆಟವನ್ನು ಮೊಬೈಲಿನಲ್ಲಿ ಹಾಕಿಕೊಂಡರೆ ಬಯಲೊಂದು ಸಿಗುತ್ತದೆ. ಅದರಲ್ಲಿ ಬೇಕಾದ್ದನ್ನು ಕಟ್ಟಬಹುದು, ಬೇಕಾದ್ದನ್ನು ಬೆಳೆಯಬಹುದು, ಗೆಲ್ಲಲೇಬೇಕೆಂಬ ಹಟವಿಲ್ಲ, ಸೋಲುವ ಭಯವಿಲ್ಲ. ಹುಮನಾಬಾದ ಮತ್ತು ಬಸವಕಲ್ಯಾಣದ ಹನ್ನೊಂದು ಜನ ನಾವು ಸೇರಿ, ಒಂದೂವರೆ ವರ್ಷ ದುಡಿದು, ಆ ಬಯಲಲ್ಲಿ ಕಲ್ಯಾಣದ ಕೋಟೆಯನ್ನೇ ನಾಚಿಸುವಂಥ ಕೋಟೆ ಕಟ್ಟಿಕೊಂಡು ಸುಖವಾಗಿದ್ದೆವು. ಸುಖ ಹೆಚ್ಚಾದರೆ ಮನುಷ್ಯನಿಗೆ ತುರಿಕೆ ಶುರುವಾಗುತ್ತದೆ ನೋಡಿ. ಆಟ ತಯಾರಿಸಿದ ಕಂಪನಿಗೂ ತಮಗೂ ಸಂಬಂಧವಿಲ್ಲ, ಅಭಿಮಾನಿಯೊಬ್ಬರು ಒಬ್ಬರೇ ಕೂತು ಬರೆದ ವಿಸ್ತರಣೆ ಇದು, ಬಹಳ ಕಠಿಣ, ಗಂಡೆದೆ ಇದ್ದವರು ಮಾತ್ರ ಹಾಕಿಕೊಳ್ಳಿ ಎಂದು ಯಾರೋ ಆಟಗಾರರ ಮೊಬೈಲ್ ಗುಂಪಿನಲ್ಲಿ ಬರೆದದ್ದೇ ತಡ, ನಾನೇ ಮುಂದೆ ನಿಂತು ಎಲ್ಲರ ಮೊಬೈಲಿಗೂ ಹಾಕಿಸಿದೆ. ಆ ದಿನ ನನ್ನ ಎದೆಯ ಬಗ್ಗೆ ನನಗಿದ್ದ ಅಭಿಪ್ರಾಯ ಈಗ ಉಳಿದಿಲ್ಲ.

ಮೊದಲು ಆಟಗಾರರ ಅಭಿಪ್ರಾಯಗಳನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಮಳೆ ಬಂದೊಡನೆ ಕರಿಮಣ್ಣು ಕಾಲಿಗೆ ಮೆತ್ತಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಕೆರೆದುಕೊಳ್ಳಬೇಕಾದ ಸೌಕರ್ಯವನ್ನು ಒದಗಿಸಿದ್ದಕ್ಕಾಗಿ ಮಾಣಿಕನಗರದಲ್ಲಿ ಆಟೋ ಹೊಡೆಯುವ ಸುಮೇಧ ಹೀಗೆ ಹೇಳಿದ್ದಾನೆ: "ನಾ ಆಟ ಆಡಾಕತ್ತೇನೋ, ಕಾಲು ತೊಳ್ಯಾಕತ್ತೇನೋ ತಿಳೀವಲ್ದರಿ." ನಿರ್ಣಾದ ಸಂತೋಷಕುಮಾರ ಮಾಸ್ತರರು ಅಭಿಪ್ರಾಯ ಹೇಳುವ ಬದಲು ನೂರಕ್ಕೆ ಹನ್ನೊಂದು ಅಂಕ ಕೊಟ್ಟು, ಕೆಳಗೆ 'ಪಾಲಕರನ್ನು ಕರೆತರುವುದು' ಎಂದು ಬರೆದಿದ್ದಾರೆ. ಬಸವಕಲ್ಯಾಣದಲ್ಲಿ ಬಟ್ಟೆ ಹೊಲಿಯುವ ಮಹಜಬೀನ್ ಬಾಯಿಯವರ ಸಿಟ್ಟು ಮಾತ್ರ ತಾವು ನಿರ್ಮಿಸಿದ ಆ ಕಲ್ಲಿನ ಮೇಲೆ. "ಹೊಲದ ಕಲ್ಲು ತಾನೇ ಎದ್ದು ನಡೀತದಂದ್ರ ಹ್ಯಾಂಗರಿ? ಇದು ಆಟದಾಗಿನ ಖರಾಬಿ ಅದ, ಜಲ್ದಿ ದುರಸ್ತಿ ಮಾಡಸ್ರಿ" ಎಂದು ಅವರು ನನಗೆ ತಾಕೀತು ಮಾಡಿದ್ದಾರೆ.

ಆ ಕಲ್ಲಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎರಡು ಹೊಲಗಳ ನಡುವೆ ಗಡಿ ತೋರಿಸಲು ತಾವು ಒಂದು ಬಾಂದುಕಲ್ಲು ನಿಲ್ಲಿಸಿದ್ದೀರಿ. ಸುಗ್ಗಿಗೊಮ್ಮೆ ಅದು ಒಂದು ಹೆಜ್ಜೆ ಸರಿಯುತ್ತದೆ, ಅದೂ ದೊಡ್ಡ ಹೊಲದಿಂದ ಸಣ್ಣ ಹೊಲದ ಕಡೆಗೇ. ಏಳು ಹೆಜ್ಜೆ ನಡೆದು ನಿಂತುಬಿಡುತ್ತದೆ. ಆಮೇಲೆ ಎಷ್ಟು ನೂಕಿದರೂ ಹಿಂದೆ ಬರುವುದಿಲ್ಲ. ಏಳೇ ಯಾಕೆ, ಎಂಟು ಯಾಕಲ್ಲ ಎಂದು ಎಲ್ಲೆಲ್ಲಿಯ ಆಟಗಾರರೋ ಗುಂಪಿನಲ್ಲಿ ತಿಂಗಳುಗಟ್ಟಲೆ ಜಗಳವಾಡಿದರೂ ತಾವು ಬಾಯಿ ಬಿಟ್ಟದ್ದು ಒಂದೇ ಸಲ: "ಅದು ದೋಷ ಅಲ್ಲ." ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಜನರ ನೆಮ್ಮದಿ ಕೆಡಿಸುವ ತಮ್ಮ ಪ್ರತಿಭೆಗೆ ನಾನು ತಲೆಬಾಗುತ್ತೇನೆ.

ಇನ್ನು ಕಳೆ. ತಮ್ಮ ವಿಸ್ತರಣೆಯಲ್ಲಿ ಕಳೆ ದಿನಾ ಹುಟ್ಟುತ್ತದೆ, ಯಾವ ಔಷಧಿಗೂ ಬಗ್ಗುವುದಿಲ್ಲ, ಕೂತುಕೊಂಡೇ ಕೀಳಬೇಕು. ನಮ್ಮ ಹನ್ನೊಂದು ಜನ ವೀರರಲ್ಲಿ ಕೋಟೆಯ ಗೋಡೆ ಏರುವವರು ಇದ್ದರು, ಬುರುಜು ಕಾಯುವವರು ಇದ್ದರು, ಕಳೆ ಕೀಳುವವರು ಒಬ್ಬರೂ ಇರಲಿಲ್ಲ. ಆಗ ನನಗೆ ಹೊಳೆದದ್ದು ಸೋನುಬಾಯಿ. ಈಕೆ ಇಪ್ಪತ್ತೆರಡು ವರ್ಷದಿಂದ ನಮ್ಮ ಹೊಲದಲ್ಲಿ ಕಳೆ ತೆಗೆಯುವವಳು, ನಮ್ಮೂರ ದೇವಿದಾಸನ ಹೆಂಡತಿ. ಅವರದೂ ಒಂದು ಪಟ್ಟಿ ಹೊಲ ನಮ್ಮ ಹೊಲದ ಉತ್ತರಕ್ಕೆ ಅಂಟಿಕೊಂಡೇ ಇದೆ. ಎತ್ತು ತಿರುಗಿಸಲೂ ಜಾಗ ಸಾಲುವುದಿಲ್ಲವೆಂದು ಅದನ್ನು ಬೀಳು ಬಿಟ್ಟಿದ್ದಾರೆ. ಯಾಕೆ ಸಾಲುವುದಿಲ್ಲ ಎಂದು ನಾನು ಎಂದೂ ಕೇಳಿರಲಿಲ್ಲ. ಬಸವಕಲ್ಯಾಣದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಕಲಿಸುವ ಅವರ ಮಗಳು ವಿಶಾಖಾ ತಾಯಿಯ ಮೊಬೈಲಿಗೆ ಆಟ ಹಾಕಿಕೊಟ್ಟಳು. "ನೀನೂ ಆಡಬಾರದೇನವಾ" ಎಂದು ಕೇಳಿದ್ದಕ್ಕೆ, "ನನಗ ಆಟ ಬರಂಗಿಲ್ಲರಿ ಕಾಕಾ" ಎಂದು ನಕ್ಕು ಬಸ್ಸು ಹತ್ತಿದಳು. ಸೋನುಬಾಯಿಗೆ ನಾವು ಕೋಟೆಯ ಹೊರಗೆ, ನನ್ನ ಹೊಲದ ಮಗ್ಗುಲಲ್ಲಿ, ಯಾರಿಗೂ ಬೇಡದ ಒಂದು ತುಂಡು ನೆಲ ಕೊಟ್ಟು ಉಪಕಾರ ಮಾಡಿದೆವು.

ಈಗ ಅಮಾವಾಸ್ಯೆಗೆ ಬರುತ್ತೇನೆ. ತಾವು ಪರದೆಯ ಮೇಲೆ ಮೂರು ದಿನ ಮೊದಲೇ 'ಅಮಾವಾಸ್ಯೆ ಬರುತ್ತಿದೆ, ಊರು ಬಿಟ್ಟು ಕದಲಬೇಡಿ' ಎಂದು ಎಚ್ಚರಿಕೆ ಕೊಟ್ಟಿದ್ದು ಸತ್ಯ. ಲೋಕದ ಬೇರೆ ಆಟಗಾರರೆಲ್ಲ ಬಾಗಿಲು ಹಾಕಿಕೊಂಡು ಊರಲ್ಲೇ ಕೂತು ಬದುಕಿಕೊಂಡರು. ಆದರೆ ಮಾನ್ಯರೇ, ಅದು ಆಟದ ಪಂಚಾಂಗದಲ್ಲಿ ಎಳ್ಳಮಾವಾಸ್ಯೆ! ಆ ದಿನ ನಮ್ಮ ಬೀದರ ಸೀಮೆಯಲ್ಲಿ ಊರೊಳಗೆ ನಾಯಿ ಸಹ ಉಳಿಯುವುದಿಲ್ಲ, ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ನಾಲ್ಕೂ ದಿಕ್ಕಿಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ ಅಂಬಲಿ ಹೊಡೆದು, ಹೊಟ್ಟೆ ಹೊತ್ತುಕೊಂಡು ಸಂಜೆಗೆ ಮರಳುವವರು ನಾವು. ಅದರಲ್ಲೂ ಸೋನುಬಾಯಿ ಗುಂಪಿನಲ್ಲಿ ಎಲ್ಲರನ್ನೂ ಕರೆದಳು: "ಇಷ್ಟು ವರ್ಷ ಮಂದಿ ಹೊಲದಾಗ ಉಂಡೀನಿ. ಈ ಸಲ ನನ್ನ ಹೊಲಕ್ಕ ಎಲ್ಲರೂ ಬರ್ರಿ, ಒಬ್ಬರೂ ಉಳೀಬ್ಯಾಡ್ರಿ." ಹೀಗೆ ಕರೆದ ಮೇಲೆ ಬುರುಜು ಕಾಯುತ್ತ ಕೂರುವವನು ಮನುಷ್ಯನೇ? ಹನ್ನೊಂದು ಜನವೂ ಹೋದೆವು. ಮಾಸ್ತರರು ಕೋಟೆಯ ಬಾಗಿಲ ಕೀಲಿಯನ್ನೂ ಜೇಬಿನಲ್ಲಿ ಹಾಕಿಕೊಂಡು ಬಂದರು. ಬಾಗಿಲು ಹಾಕಿದ್ದು ಮಾತ್ರ ನೆನಪಿಲ್ಲ ಎಂದರು.

ಸೋನುಬಾಯಿ ಚರಗ ಚೆಲ್ಲುತ್ತಿದ್ದ ಹೊತ್ತಿಗೆ ತಾವು ಕಳಿಸಿದ ಇನ್ನೂರು ಕಾಡುಹಂದಿಗಳು ತೆರೆದ ಬಾಗಿಲಲ್ಲಿ ಮೆರವಣಿಗೆಯಂತೆ ಒಳಹೊಕ್ಕು, ಒಂದೂವರೆ ವರ್ಷದ ಕೋಟೆಯನ್ನು, ನನ್ನ ಎರಡಂತಸ್ತಿನ ವಾಡೆಯನ್ನು, ಸುತ್ತಲಿನ ನಮ್ಮೆಲ್ಲರ ಹೊಲಗಳನ್ನು ಅಗೆದು ಗುಡ್ಡೆ ಹಾಕಿದವು. ಚರಗ ಬಿದ್ದ ಹೊಲವೊಂದನ್ನು ಮಾತ್ರ ಮೂಸಿ ನೋಡಿ ಹೊರಟುಹೋದವು. ಹನ್ನೊಂದು ಜನ ಭೂಮಾಲೀಕರು ಉಂಡ ಎಲೆಯ ಮುಂದೆಯೇ ನಿರ್ಗತಿಕರಾದೆವು. ಉಳಿದದ್ದು ಒಂದೇ ಹೊಲ, ಒಬ್ಬಳೇ ಒಡತಿ.

ಇಲ್ಲಿಗೆ ಬಿಟ್ಟಿದ್ದರೂ ತಮ್ಮನ್ನು ಕ್ಷಮಿಸುತ್ತಿದ್ದೆ. ಆದರೆ ನೆಲ ಕಳೆದುಕೊಂಡವನಿಗೆ ಮತ್ತೆ ನೆಲ ಬೇಕಾದರೆ, ಇನ್ನೊಬ್ಬರ ಹೊಲದಲ್ಲಿ ಒಂದು ಸುಗ್ಗಿಯ ಕಳೆ ಪೂರ್ತಿ ತೆಗೆದು, ಆ ಹೊಲದ ಒಡೆಯರಿಂದ 'ಕೆಲಸ ಬರುತ್ತದೆ' ಎಂದು ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ತಾವು ಯಾವ ಗಳಿಗೆಯಲ್ಲಿ ಬರೆದಿರೋ! ಈಗ ನನ್ನ ದಿನಚರಿ ಹೀಗಿದೆ: ಮುಂಜಾನೆಯಿಂದ ಸೋನುಬಾಯಿ ನನ್ನ ಕಡಲೆ ಹೊಲದಲ್ಲಿ ಕಳೆ ತೆಗೆಯುತ್ತಾಳೆ, ನಾನು ಬದುವಿನ ಮೇಲೆ ನಿಂತು ನೋಡುತ್ತೇನೆ. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಒಂದೇ ಬೇವಿನ ಮರದ ಕೆಳಗೆ ಇಬ್ಬರೂ ಮೊಬೈಲು ತೆಗೆಯುತ್ತೇವೆ. ನಾನು ಅವಳ ಹೊಲದಲ್ಲಿ ಕಳೆ ತೆಗೆಯುತ್ತೇನೆ, ಅವಳು ಬದುವಿನ ಮೇಲೆ ನಿಂತು ನೋಡುತ್ತಾಳೆ. ಉಳಿದ ಹತ್ತೂ ಜನ ಕೂಲಿಗಳು ಪಾಸಾಗಿ ನೆಲ ಪಡೆದರು, ಸುಮೇಧನಂತೂ ಮೊದಲ ಸಲಕ್ಕೇ ಪಾಸಾದ. ನಾನು ಮೂರು ಸಲ ಫೇಲಾಗಿದ್ದೇನೆ. "ಸಾವುಕಾರ್ರ, ಎಲಿ ಅಷ್ಟೇ ಹರದೀರಿ, ಬೇರು ಹಂಗೇ ಅದ ನೋಡ್ರಿ. ಮತ್ತ ಮೊದಲಿಂದ ಹಿಡೀರಿ" ಎನ್ನುತ್ತಾಳೆ. ಇದೇ ಮಾತನ್ನು ನಾನು ಇಪ್ಪತ್ತೆರಡು ವರ್ಷದಿಂದ ಅವಳಿಗೆ ಹೇಳಿಕೊಂಡು ಬಂದವನು. ಕೇಳಿಸಿಕೊಳ್ಳಲು ಇಷ್ಟು ಕಹಿ ಎಂದು ಗೊತ್ತಿರಲಿಲ್ಲ. ತಮ್ಮ ವಿಸ್ತರಣೆಯ ಬಗ್ಗೆ ಆಕೆಯ ಅಭಿಪ್ರಾಯವನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತೇನೆ: "ಇದರಾಗ ಕಷ್ಟ ಏನದರಿ? ಬಿಸಲು ಹತ್ತಂಗಿಲ್ಲ, ಸೊಂಟ ನೋಯಂಗಿಲ್ಲ. ಕಲ್ಲು ಒಂದು ಇರಲಿಲ್ಲಂದ್ರ ಭಾಳ ಛಲೋ ಆಟ."

ಕಲ್ಲು ಅವಳ ಆಟದ ಹೊಲದೊಳಗೂ ಏಳು ಹೆಜ್ಜೆ ಬಂದು ಕೂತಿದೆ. ನನ್ನ ಹೊಲದ ಕಡೆಯಿಂದಲೇ ಬಂದದ್ದು. ಈ ತಮಾಷೆಯನ್ನು ಮೊನ್ನೆ ಚಹಾ ಕುಡಿಯುವಾಗ ನಮ್ಮ ತಂದೆ ಬಸವಣಪ್ಪನವರಿಗೆ ಹೇಳಿದೆ. ಆಟ ಎಂದರೆ ಮುಖ ತಿರುಗಿಸುವ ಮನುಷ್ಯ ಕಪ್ಪು ಕೆಳಗಿಟ್ಟು ಕೇಳಿದರು: "ಎಷ್ಟು ಹೆಜ್ಜಿ?"

ಏಳು ಎಂದೆ.

"ಏಳು ಅಲ್ಲ, ಆರ" ಎಂದರು. ಆಮೇಲೆ ಚಹಾ ಮುಟ್ಟಲಿಲ್ಲ. ಆಟ ನೋಡದೆಯೇ ಲೆಕ್ಕ ಹೇಳಿದ ಅವರ ಮುಖವನ್ನು ನಾನೂ ಬಹಳ ಹೊತ್ತು ನೋಡಲಾರದೆ ಹೊಲದ ಕಡೆ ಹೋದೆ. ಉತ್ತರದ ಬದುವಿನಲ್ಲಿ ನಮ್ಮ ಬಾಂದುಕಲ್ಲು ಗಟ್ಟಿಯಾಗಿ ನಿಂತಿತ್ತು. ಅದರಾಚೆಗಿನ ದೇವಿದಾಸನ ಬೀಳು ಪಟ್ಟಿಯ ಕಡೆ ಬೆನ್ನು ಮಾಡಿ, ನಮ್ಮ ಹೊಲದೊಳಗೆ ನಡೆದರೆ, ಕಡಲೆ ಸಾಲಿನ ನಡುವೆ ಒಂದು ತಗ್ಗು ಇದೆ. ಚಿಕ್ಕಂದಿನಿಂದ ನಾನದನ್ನು ಮುಳ್ಳುಹಂದಿ ತೋಡಿದ್ದು ಎಂದೇ ತಿಳಿದಿದ್ದೆ. ಅದು ಕಲ್ಲಿನ ಹಳೇ ಜಾಗ ಎಂದು ಆಗ ಹೊಳೆದು ನಾಚಿಕೆಯಾಯಿತು, ಮಾನ್ಯರೇ. ಆಟದಲ್ಲಿ ಫೇಲಾದಾಗಲೂ ಹಾಗಾಗಿರಲಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣ ಬಿನ್ನಹಗಳು. ಕಳೆ ದಿನ ಬಿಟ್ಟು ದಿನ ಹುಟ್ಟುವಂತೆ ಮಾಡಿ. ಮೂರು ಸಲ ಫೇಲಾದವರಿಗೆ ವಯಸ್ಸು ಮತ್ತು ಮನೆತನ ನೋಡಿ ಕೃಪಾಂಕ ಕೊಡಿ. ಒತ್ತಿದರೆ ಆಳು ಬಂದು ಕೆಲಸ ಮಾಡುವ ಗುಂಡಿಯೊಂದನ್ನು ಇಡಿ, ನಾವು ಅದಕ್ಕೆ ತಲೆತಲಾಂತರದಿಂದ ಒಗ್ಗಿದವರು. ಕಾಡುಹಂದಿಗಳಿಗೆ ಬೀದರ ಜಿಲ್ಲೆಯ ಹಬ್ಬಗಳ ಪಟ್ಟಿ ಕಳಿಸಿ, ಆ ದಿನ ರಜೆ ಕೊಡಿ. ಮತ್ತು ಆ ಕಲ್ಲನ್ನು, ದಯವಿಟ್ಟು, ಸಂಪೂರ್ಣ ತೆಗೆದುಹಾಕಿ. ಆಟ ಎಂದರೆ ಮನುಷ್ಯನಿಗೆ ಬೇರೆ ಲೋಕ ತೋರಿಸಬೇಕು. ಅವನ ಸ್ವಂತ ಹೊಲವನ್ನೇ ತೋರಿಸಿದರೆ ಅದನ್ನು ಆಟ ಎಂದು ಕರೆಯುವುದು ಹೇಗೆ?

ತಮ್ಮ ಪ್ರತಿಭೆಯಿಂದ ನೆಲವನ್ನೂ ಮಾನವನ್ನೂ ಒಂದೇ ಅಮಾವಾಸ್ಯೆಯಲ್ಲಿ ಕಳೆದುಕೊಂಡು, ಮೂರು ಸಲ ಫೇಲಾಗಿ, ಆದರೂ ನಾಳೆ ಮಧ್ಯಾಹ್ನ ಮತ್ತೆ ಆಡಲಿರುವ,

ತಮ್ಮ ವಿಶ್ವಾಸಿ,
ಗುರುಶಾಂತ
(ಸದ್ಯ ಸೋನುಬಾಯಿಯವರ ಹೊಲದಲ್ಲಿ ಕೂಲಿ)

ತಾ.ಕ.: ಪತ್ರ ಬರೆದು ಮುಗಿಸಿ ಎಂಟು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಒಂದೆರಡು ಸಂಗತಿ ನಡೆದವು. ಭಾನುವಾರ ನಾನೂ ದೇವಿದಾಸನೂ ಹಾರೆ ಹಾಕಿ ನಮ್ಮ ಬಾಂದುಕಲ್ಲನ್ನು ಕಿತ್ತು, ಆ ಹಳೇ ತಗ್ಗಿಗೇ ಒಯ್ದು ನಿಲ್ಲಿಸಿದೆವು. ಅಳತೆ ಮಾಡಿ ಹಾಕಿದಂತೆ ಕೂತಿತು. ನಮ್ಮ ತಂದೆ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹೆಜ್ಜೆ ಹಾಕಿ ಎಣಿಸಿದೆ: ಆರು. ತಂದೆಯವರ ಮಾತು ನಿಜವಾಯಿತು, ತಮ್ಮ ವಿಸ್ತರಣೆಯಲ್ಲಿ ಒಂದು ತಪ್ಪಾದರೂ ಸಿಕ್ಕಿತಲ್ಲ ಎಂದು ನನಗೆ ಹಿಗ್ಗು. ಅಷ್ಟರಲ್ಲಿ ಸೋನುಬಾಯಿ ಸೆರಗು ಕಟ್ಟಿಕೊಂಡು ಅದೇ ದಾರಿಯಲ್ಲಿ ನಡೆದಳು. ಅವಳ ಹೆಜ್ಜೆ ಸಣ್ಣದು. ಅವಳಿಗೆ ಏಳು ಬಂತು.

ಈ ಸುದ್ದಿ ಹೊಲದಲ್ಲಿದ್ದ ನಾಲ್ವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸೋನುಬಾಯಿ ಸಂಜೆ ಮಗಳಿಗೆ ಫೋನು ಮಾಡಿದ್ದಷ್ಟೇ. ಸೋಮವಾರ ಮುಂಜಾನೆ ತಮ್ಮ ವಿಸ್ತರಣೆಯ ಹೊಸ ಆವೃತ್ತಿ ಬಂತು. ಅದರಲ್ಲಿ ಬದಲಾವಣೆ ಒಂದೇ: ಕಲ್ಲು ಈಗ ನೂಕಿದರೆ ಹಿಂದೆ ಸರಿಯುತ್ತದೆ.

ಆದ್ದರಿಂದ ಮಾನ್ಯರೇ, ಬರುವ ಎಳ್ಳಮಾವಾಸ್ಯೆಗೆ ನಿಮ್ಮ ಅವ್ವ ತನ್ನ ಪಟ್ಟಿಯಲ್ಲಿ ತಾನೇ ಚರಗ ಚೆಲ್ಲುವವಳಿದ್ದಾಳೆ. ಈ ಸಲ ನಮ್ಮನ್ನೂ ಕರೆದಿದ್ದಾಳೆ, ಬಸವಕಲ್ಯಾಣದ ಮೊದಲ ಬಸ್ಸಿಗೇ ಬರತಕ್ಕದ್ದು. ಮತ್ತ ಇನ್ನೊಂದು ಮಾತು, ವಿಶಾಖಾ: ಕಳಿ ಒಂದೀಟು ಕಮ್ಮಿ ಮಾಡವಾ, ಮೊಣಕಾಲು ಹಿಡದಾವ.