ದೊಡ್ಡಪ್ಪನ ಕರೆಂಟಿನ ಮನೆಗೆ ನಾಲ್ಕು ಚಕ್ರ

ನಮ್ಮ ದೊಡ್ಡಪ್ಪನಂಥ ಪ್ರವಾಸಿ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವರು ಈವರೆಗೆ ಎಲ್ಲಿಗೂ ಹೋಗಿಲ್ಲ ಎಂಬುದೊಂದನ್ನು ಬಿಟ್ಟರೆ ಈ ಮಾತಿಗೆ ಬೇರೆ ಆಕ್ಷೇಪಣೆ ಬರಲಾರದು.

ಕಾಶಿಯ ರೈಲು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಶ್ರೀಶೈಲದ ಯಾವ ಛತ್ರದ ಬಚ್ಚಲಲ್ಲಿ ಬಿಸಿನೀರು ಬರುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಬಜಾರಿನ ಅವರ ಪಾತ್ರೆ ಅಂಗಡಿಗೆ ಕೊಳಗ ಕೊಳ್ಳಲು ಬಂದವರು ಅರ್ಧ ಭಾರತ ನೋಡಿಕೊಂಡೇ ಮನೆಗೆ ಹೋಗುತ್ತಿದ್ದರು. ತಾವು ಹೊರಡುವ ಮಾತು ಬಂದಾಗ ಮಾತ್ರ ತೊಡಕು. ಸ್ನಾನ, ಲಿಂಗಪೂಜೆ ಆಗದೆ ಅವರು ಗುಟುಕು ನೀರು ಕುಡಿಯುವವರಲ್ಲ. ಅದಕ್ಕೆ ತಮ್ಮದೇ ಬಚ್ಚಲು ಬೇಕು, ತಮ್ಮದೇ ಮಣೆ ಬೇಕು. ಪರರ ಮನೆಯ ಹಾಸಿಗೆ ಒಗ್ಗದು, ಹೋಟೆಲಿನ ಕಾಫಿ ಇಳಿಯದು. ಒಮ್ಮೆ ದಾವಣಗೆರೆಯ ಮದುವೆಗೆಂದು ಹೋದವರು ಮುಹೂರ್ತಕ್ಕೆ ಮೊದಲೇ ಬಸ್ಸು ಹತ್ತಿ ಬಂದು, ಮನೆಯಲ್ಲಿ ಮಜ್ಜಿಗೆ ಅನ್ನ ಉಂಡರು.

“ಮದುವೆ ಹೇಗಾಯ್ತು ದೊಡ್ಡಪ್ಪ?” ಎಂದು ಕೇಳಿದೆ.

“ಆಗಿರಬೇಕು” ಎಂದರು.

ಇಂಥ ಮನುಷ್ಯನ ಮೊಬೈಲಿಗೆ ಎಲೆಕ್ಟ್ರಿಕ್ ಕ್ಯಾಂಪರ್ ವ್ಯಾನಿನ ವಿಡಿಯೊ ಬಂದರೆ ಏನಾಗಬೇಡ? ವ್ಯಾನಿನೊಳಗೇ ಮಂಚ, ಒಲೆ, ನೀರಿನ ನಲ್ಲಿ. ಎಲ್ಲವೂ ಬ್ಯಾಟರಿಯ ಮೇಲೆ. ದೊಡ್ಡಪ್ಪ ಅದನ್ನು ಮಂಗಳಾರತಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ರವೀಂದ್ರನಗರದ ನಮ್ಮ ಮನೆಗೆ ಬಂದರು. ಅವರ ಮನೆ ಪಕ್ಕದ ರಸ್ತೆಯಲ್ಲೇ.

“ನಾವು ಮನೆ ಬಿಟ್ಟು ಹೋಗೋದಲ್ಲ ಮಾರಾಯ್ತಿ. ಮನೇನೇ ಕರ್ಕೊಂಡು ಹೋಗೋದು.”

ಇದು ಬರೀ ಶೋಕಿಯಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದರ ಹಿಂದೆ ದೊಡ್ಡಮ್ಮ ಇದ್ದರು. ಅವರ ಶ್ವಾಸಕೋಶ ಸೋತುಹೋಗಿತ್ತು. ಮೂಲೆಯಲ್ಲಿ ಸದಾ ಗುಂಯ್ ಎನ್ನುವ ಆಕ್ಸಿಜನ್ ಮೆಷಿನ್, ಅದರಿಂದ ಮೂಗಿಗೊಂದು ಪೈಪು. ಪೈಪು ಎಷ್ಟು ಉದ್ದವೋ ದೊಡ್ಡಮ್ಮನ ಪ್ರಪಂಚ ಅಷ್ಟು ಉದ್ದ. ಮಂಚದಿಂದ ಹೊರಟರೆ ಮುಂಬಾಗಿಲ ಹೊಸ್ತಿಲಿನಲ್ಲಿ ಅದು ಮುಗಿಯುತ್ತಿತ್ತು.

ಅವರಿಗಿದ್ದದ್ದು ಒಂದೇ ಆಸೆ. ಭದ್ರಾವತಿಯ ಹಳೇ ಕ್ವಾರ್ಟರ್ಸಿನಲ್ಲಿ, ಸೊಂಟ ಮುರಿದು ಮಲಗಿದಲ್ಲೇ ಇದ್ದ ಅವರ ಅಕ್ಕನ ಪಕ್ಕದಲ್ಲಿ ನಾಲ್ಕು ದಿನ ಮಲಗಿ ಮಾತಾಡಬೇಕು. ಭದ್ರಾವತಿ ಏನು ಕಾಶಿಯೇ? ಸಿಟಿ ಬಸ್ಸು ಹತ್ತಿ ಕಡಲೆಕಾಯಿ ಸುಲಿಯುತ್ತಾ ಕೂತರೆ ಕಡಲೆಕಾಯಿ ಮುಗಿಯುವ ಮೊದಲೇ ಊರು ಬರುತ್ತದೆ. ಸಿಲಿಂಡರ್ ಇಟ್ಟುಕೊಂಡು ಕಾರಿನಲ್ಲಿ ಹೋಗಿ ಬರಬಹುದಿತ್ತು, ಉಳಿಯುವಂತಿರಲಿಲ್ಲ. ಆ ಕ್ವಾರ್ಟರ್ಸಿನ ಕರೆಂಟು ಹೇಳದೆ ಕೇಳದೆ ಹೋಗುವ ಜಾತಿಯದು. ಮೆಷಿನ್ ನಿಂತರೆ ಗತಿಯೇನು? ಸಾಲದ್ದಕ್ಕೆ ಡೀಸೆಲ್ ಹೊಗೆ ಸೋಕಿದರೆ ದೊಡ್ಡಮ್ಮನಿಗೆ ಕೆಮ್ಮು ಹತ್ತಿ ತುಟಿ ನೀಲಿಯಾಗುತ್ತಿತ್ತು. ಆಂಬುಲೆನ್ಸ್ ಎಂದರೆ ಅವರು ಒಪ್ಪರು.

“ಅಕ್ಕನ ಬಾಗಿಲಲ್ಲಿ ಅದು ನಿಂತ್ರೆ, ನನ್ನ ಮುಖ ನೋಡೋಕೆ ಮುಂಚೇನೇ ಅವಳು ಅಳೋಕೆ ಶುರು ಮಾಡ್ತಾಳೆ” ಎಂದಿದ್ದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪರವೋ ವಿರೋಧವೋ, ಎಲ್ಲಿ ನಿಲ್ಲಿಸಿದರೂ ಮಾತಾಡಬಲ್ಲೆ. ವಿರೋಧಕ್ಕೆ ನಿಲ್ಲಿಸಿದರೆ ಊಟದ ನೆನಪೂ ಆಗುವುದಿಲ್ಲ. ಅವರ ಮನೆಗೇ ಹೋಗಿ, ನಡುಮನೆಯಲ್ಲಿ ವಾದ ಶುರು ಮಾಡಿದೆ.

“ದೊಡ್ಡಪ್ಪ, ಬ್ಯಾಟರಿ ಒಂದೇ. ಓಡೋಕೂ ಅದೇ, ಒಲೆಗೂ ಅದೇ, ದೊಡ್ಡಮ್ಮನ ಮೆಷಿನ್‌ಗೂ ಅದೇ. ಕೊನೆಗೊಂದು ದಿನ ವ್ಯಾನೇ ನಿಮ್ಮನ್ನ ಕೇಳುತ್ತೆ, ಊರು ಸೇರೋದೋ ಉಸಿರಾಡೋದೋ ಅಂತ.”

“ಊರು ಹತ್ರ ಇದೆಯಲ್ಲೇ.”

“ಮಂಚ, ನೀರಿನ ಡ್ರಮ್ಮು, ಪಾತ್ರೆ ಎಲ್ಲ ಹೇರಿದ್ರೆ ಭಾರಕ್ಕೆ ಓಟ ಕಮ್ಮಿ ಆಗುತ್ತೆ.”

“ನಿನ್ನ ದೊಡ್ಡಮ್ಮ ಇಳಿದು ಹೋಗಿದಾಳಲ್ಲ, ಸರಿಹೋಗುತ್ತೆ ಬಿಡು.”

“ನೀವು ನೋಡಿರೋದು ಸೆಕೆಂಡ್ ಹ್ಯಾಂಡ್ ವ್ಯಾನು. ಬ್ಯಾಟರಿಗೆ ಇನ್ನೆಷ್ಟು ಆಯಸ್ಸಿದೆ ಅಂತ ಯಾರಿಗೆ ಗೊತ್ತು?”

ದೊಡ್ಡಪ್ಪ, ದೊಡ್ಡಮ್ಮ ಮಲಗಿದ್ದ ಒಳಕೋಣೆಯ ಕಡೆ ನೋಡಿದರು. “ಯಾರದ್ದು ಯಾರಿಗೆ ಗೊತ್ತು ಹೇಳು” ಎಂದರು.

ಸ್ಪರ್ಧೆಯಲ್ಲಾಗಿದ್ದರೆ ಇದಕ್ಕೆ ಅಂಕ ಕೊಡುತ್ತಿರಲಿಲ್ಲ. ಆದರೂ ಎದುರು ಪಕ್ಷಕ್ಕೆ ಬಲವಿಲ್ಲವೆಂದು ನಾನು ಹೇಳುವವಳಲ್ಲ. ಈ ವ್ಯಾನಿಗೆ ಹೊಗೆಯಿಲ್ಲ, ಸದ್ದಿಲ್ಲ. ಮರದಡಿ ನಿಲ್ಲಿಸಿ, ಎಂಜಿನ್ನಿನ ಗೊಡವೆಯಿಲ್ಲದೆ ಮೆಷಿನ್ ನಡೆಸಬಹುದು. ಮನೆಯಲ್ಲಿ ಕರೆಂಟು ಹೋದರೂ ಬಾಗಿಲಲ್ಲೊಂದು ದೊಡ್ಡ ಬ್ಯಾಟರಿ ನಿಂತಿರುತ್ತದೆ. ಇವನ್ನೆಲ್ಲ ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ. ಎದುರಾಳಿಯ ವಾದವನ್ನು ನಾವೇ ಎತ್ತಿ ಹೇಳುವ ಪದ್ಧತಿ ಚರ್ಚೆಯಲ್ಲಿಲ್ಲ.

ವ್ಯಾನು ಬಂತು. ಹಿಂದೆ ಪಾರ್ಸೆಲ್ ಸಾಗಿಸುತ್ತಿದ್ದದ್ದು. ಬಡಗಿ ಅದಕ್ಕೊಂದು ಮಂಚ ಕೂರಿಸಿದ. ಮಂಚದ ಪಕ್ಕ ಕಟ್ಟೆ, ಕಟ್ಟೆಯ ಮೇಲೆ ಇಂಡಕ್ಷನ್ ಒಲೆ, ಒಲೆಯ ಕೆಳಗೆ ಇನ್ವರ್ಟರ್. ಬ್ಯಾಟರಿಯ ಕರೆಂಟನ್ನು ಮೆಷಿನ್ನಿಗೆ ಮುಟ್ಟಿಸುವುದು ಆ ಇನ್ವರ್ಟರೇ. ಇದನ್ನು ನೆನಪಿಟ್ಟುಕೊಳ್ಳಿ.

ಪರೀಕ್ಷೆಗೆಂದು ದೊಡ್ಡಪ್ಪ ನನ್ನನ್ನೂ ಕೂರಿಸಿಕೊಂಡು ರಾಗಿಗುಡ್ಡದ ಏರು ಹತ್ತಿಸಿದರು. ದೊಡ್ಡಮ್ಮನ ತೂಕಕ್ಕೆ ಸರಿಯಾಗಿ ಮಂಚದ ಮೇಲೊಂದು ಅಕ್ಕಿ ಮೂಟೆ ಮಲಗಿಸಿದ್ದರು. ಮೂಟೆಗೆ ದಿಂಬು ಕೊಟ್ಟಿದ್ದರು. ಹಳ್ಳ ಬಂದಾಗಲೆಲ್ಲ ಹಿಂದೆ ತಿರುಗಿ, “ಕುಲುಕ್ತಾ?” ಎಂದು ಕೇಳುತ್ತಿದ್ದರು. ಇಳಿಯುವಾಗ ಚಾರ್ಜಿಂಗ್ ನೋಡೋಣವೆಂದು ಹೋದರೆ, ಚಾರ್ಜರಿನ ಮುಂದೆ ಯಾರದೋ ಡೀಸೆಲ್ ಕಾರು ನೆರಳಿಗೆ ನಿಂತಿತ್ತು. ಒಳಗೆ ಕೂತವನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದ.

“ಐದೇ ನಿಮಿಷ ಯಜಮಾನ್ರೇ. ಊಟ ಮುಗಿಸಿ ತೆಗೀತೀನಿ.”

“ನಿಧಾನಕ್ಕೆ ಉಣ್ಣಿ” ಎಂದರು ದೊಡ್ಡಪ್ಪ. ಅವನು ಉಂಡು ನಿದ್ದೆಯನ್ನೂ ಮಾಡಿದ.

ಇನ್ನು ಹೊರಡುವುದೊಂದೇ ಬಾಕಿ ಎನ್ನುವಾಗ ದೊಡ್ಡಪ್ಪ ಗೃಹಪ್ರವೇಶದ ಮಾತೆತ್ತಿದರು. ಹೌದು, ವ್ಯಾನಿಗೆ.

“ಇದಕ್ಕೆ ನಂಬರ್ ಪ್ಲೇಟ್ ಇದೆ ದೊಡ್ಡಪ್ಪ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ರೆ ಸಾಕು.”

“ಮನೆಗೂ ನಂಬರ್ ಇರುತ್ತೆ. ಒಳಗೆ ಮಂಚ ಇದೆ, ಒಲೆ ಇದೆ, ಲಿಂಗಪೂಜೆ ನಡಿಯುತ್ತೆ. ಹಾಲುಕ್ಕಿಸದೇ ಇರೋ ಮನೇಲಿ ಮಲಗು ಅಂತ ಅವಳಿಗೆ ಹೇಗೆ ಹೇಳ್ಲಿ?”

ನಿಂಬೆಹಣ್ಣೂ ಆಯಿತು, ಹಾಲೂ ಆಯಿತು. ಒಲೆ ಪೂರ್ವಕ್ಕಿರಬೇಕೆಂದು ವ್ಯಾನನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. ಪಾತ್ರೆ ಅಂಗಡಿಯವರಲ್ಲವೇ, ಇದ್ದುದರಲ್ಲೇ ದೊಡ್ಡ ಪಾತ್ರೆ ತಂದು ಕಂಠದವರೆಗೆ ಹಾಲು ಸುರಿದರು. ಸೌದೆ ಒಲೆಯ ಹಾಲು ಯೋಚಿಸಿ ಯೋಚಿಸಿ ಮೇಲೆ ಬರುತ್ತದೆ. ಇಂಡಕ್ಷನ್ನಿನದಕ್ಕೆ ಆ ದಾಕ್ಷಿಣ್ಯವಿಲ್ಲ. ನೋಡನೋಡುತ್ತಿದ್ದಂತೆ ಅದು ಉಕ್ಕಿ, ಕಟ್ಟೆಯ ಸಂದಿನಲ್ಲಿ ಇಳಿದು, ಕೆಳಗಿನ ಇನ್ವರ್ಟರಿನೊಳಗೇ ಪ್ರವೇಶ ಮಾಡಿತು. ಪಟ್ ಎಂದಿತು. ಸುಟ್ಟ ಖೋವಾದ ವಾಸನೆ ಬಂತು. ಡ್ಯಾಶ್‌ಬೋರ್ಡು ಕಪ್ಪಾಯಿತು.

“ಪೂರ್ವಕ್ಕೇ ಉಕ್ತು, ಒಳ್ಳೇದು” ಎಂದು ನೆಂಟರು ಹರಸಿದರು. ಹೊಸ್ತಿಲಲ್ಲಿ, ಪೈಪಿನ ತುದಿಯಲ್ಲಿ ನಿಂತಿದ್ದ ದೊಡ್ಡಮ್ಮ ನಕ್ಕೂ ನಕ್ಕೂ ಕೆಮ್ಮಿ ಕುಸಿದು ಕೂತರು.

ರಿಪೇರಿಯ ಹುಡುಗಿ ಫೋನಿನಲ್ಲಿ ವಿಚಾರಿಸಿದಳು. “ಒಳಗೆ ನೀರು ಹೋಗಿದೆಯಾ ಸರ್?”

“ಹಾಲಮ್ಮ.”

“ಮಳೆ ನೀರು ಅಂತ ಬರ್ಕೊಳ್ಲಾ ಸರ್?”

“ಹಾಲಮ್ಮ, ಹಾಲು. ಹಸುವಿನದು.”

ಇನ್ವರ್ಟರ್ ಜೊತೆಗೆ ಇನ್ನೂ ಏನೇನೋ ಸುಟ್ಟಿತ್ತು. ಸಾಮಾನು ದೂರದೂರಿಂದ ಬರಬೇಕು, ತಡವಾಗುತ್ತದೆ ಎಂದರು.

ಅದು ಬರುವ ಮೊದಲೇ ಭದ್ರಾವತಿಯ ಅಕ್ಕ ತೀರಿಕೊಂಡರು.

ದೊಡ್ಡಮ್ಮನಿಗೆ ಹೇಳುವುದು ಬೇಡ, ಆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾವೂ ಹೌದೆಂದೆವು. ದಿನಾ ಸಂಜೆ ಅಕ್ಕನಿಂದ ಬರುತ್ತಿದ್ದ ಫೋನು ನಿಂತದ್ದಕ್ಕೆ, ಅವರ ಮೊಬೈಲ್ ಕೆಟ್ಟಿದೆ ಎಂದು ಕಾರಣ ಕೊಟ್ಟೆವು. ಆಗ ನಮ್ಮಲ್ಲಿ ಕೆಟ್ಟು ಕೂತ ವಸ್ತುಗಳಿಗೆ ಕೊರತೆಯಿರಲಿಲ್ಲ, ಅದೂ ಸೇರಿಕೊಂಡಿತು. ದೊಡ್ಡಪ್ಪ ಗ್ಯಾರೇಜಿಗೆ ಹೋಗಿ ಬರ್ತೀನಿ ಎಂದು ಹೇಳಿ ಭದ್ರಾವತಿಗೆ ಮಣ್ಣಿಗೆ ಹೋದರು. ಮಧ್ಯಾಹ್ನ ವಾಪಸ್ ಬಂದು, ಹಿತ್ತಲಿನ ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. “ಮೈಯೆಲ್ಲ ಗ್ರೀಸು” ಎಂದರು. ದೊಡ್ಡಮ್ಮ ಏನೂ ಕೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ವ್ಯಾನು ರಿಪೇರಿಯಾಯಿತು. ದೊಡ್ಡಪ್ಪ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು.

“ಸರಿಹೋಗಿಬಿಡ್ತು ಕಣೇ” ಎಂದರು, ಯಾರೋ ಕೆಟ್ಟ ಸುದ್ದಿ ತಂದವರ ಹಾಗೆ. ಆಮೇಲೆ ಚಪ್ಪಲಿ ನೋಡುತ್ತಾ ಹೇಳಿದರು. “ಅವತ್ತು ನೀನು ಹೇಳಿದ್ಯಲ್ಲ, ಬ್ಯಾಟರಿ ಸಾಲಲ್ಲ, ಭಾರ ಜಾಸ್ತಿ ಅಂತೆಲ್ಲ. ಅದನ್ನ ಇನ್ನೊಂದ್ಸಲ ಹೇಳ್ಬೇಕು. ಅವಳ ಮುಂದೆ. ನಾನು ಹೇಳಿದ್ರೆ ನಂಬಲ್ಲ, ನೀನು ಚೆನ್ನಾಗಿ ಹೇಳ್ತೀಯ.”

ನಾನು ಗೆದ್ದ ಕಪ್ಪುಗಳೆಲ್ಲ ಅಟ್ಟದ ಮೇಲಿವೆ. ನನ್ನ ವಾದ ತಮಗೆ ಬೇಕು ಎಂದು ಅದುವರೆಗೆ ನನ್ನ ಮುಂದೆ ಯಾರೂ ಹಾಗೆ ತಲೆ ತಗ್ಗಿಸಿ ನಿಂತಿರಲಿಲ್ಲ.

ಹೋಗಿ ಹೇಳಿದೆ. ಬ್ಯಾಟರಿ ಹಳೆಯದು ಎಂದೆ. ಬಿಸಿಲಿಗೆ ಇನ್ನೂ ಸೊರಗುತ್ತದೆ ಎಂದೆ. ದಾರಿಯಲ್ಲಿ ನಿಂತುಹೋದರೆ ಎಳೆದು ತರಲು ಕ್ರೇನೇ ಬೇಕು, ಕ್ವಾರ್ಟರ್ಸಿನ ಹಳೇ ವೈರಿಗೆ ಚಾರ್ಜರ್ ಸಿಕ್ಕಿಸಿದರೆ ಬೀದಿಯ ಫ್ಯೂಸೆಲ್ಲ ಹೋಗುತ್ತದೆ ಎಂದೆ. ಒಂದೊಂದೂ ನಿಜವೇ. ದೊಡ್ಡಪ್ಪ ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ ತಲೆಯಾಡಿಸಿದರು. ನನ್ನ ಜೀವಮಾನದಲ್ಲೇ ಇಂಥ ಎದುರಾಳಿಯನ್ನು ನಾನು ನೋಡಿರಲಿಲ್ಲ.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಉಸಿರು ಕೂಡಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಮಲವಗೊಪ್ಪದವರೆಗೆ ಹೋಗುತ್ತಾ?”

ಮಲವಗೊಪ್ಪ ನಮ್ಮೂರಿನ ಅಂಚು. ಭದ್ರಾವತಿಯ ದಾರಿ ಅಲ್ಲಿಂದಲೇ ಬಿಚ್ಚಿಕೊಳ್ಳುವುದು. “ಅಲ್ಲೀವರೆಗೆ ಹೋಗುತ್ತೆ ದೊಡ್ಡಮ್ಮ.”

“ಅಷ್ಟು ಸಾಕು. ಅಲ್ಲಿಂದಾಚೆ ನನಗೆ ಯಾರಿದಾರೆ?”

ದೊಡ್ಡಪ್ಪ ಗೋಡೆ ಹಿಡಿದುಕೊಂಡರು.

“ಗ್ರೀಸು ತೊಳೆಯೋಕೆ ಯಾರಾದ್ರೂ ಹಿತ್ತಲಲ್ಲಿ ನಿಂತು ತಲೆಗೆ ನೀರು ಹಾಕ್ಕೋತಾರೇನ್ರೀ” ಎಂದರು ದೊಡ್ಡಮ್ಮ, ಬೈಯುವ ಹಾಗೂ ಅಲ್ಲದೆ, ಅಳುವ ಹಾಗೂ ಅಲ್ಲದೆ. “ನಿಮಗೆ ಹೇಳೋಕೆ ಕಷ್ಟ ಆಗುತ್ತೆ ಅಂತ ನಾನೂ ಕೇಳ್ಲಿಲ್ಲ.”

ಮರುದಿನ ಹೊರಟೆವು. ದೊಡ್ಡಮ್ಮ ಮಂಚದ ಮೇಲೆ, ಅಕ್ಕಿ ಮೂಟೆಗೆ ಕೊಟ್ಟಿದ್ದ ಅದೇ ದಿಂಬಿಗೆ ಒರಗಿದ್ದರು. ಮಲವಗೊಪ್ಪ ದಾಟುವ ಮುನ್ನ ಒಂದು ಹೊಂಗೆ ಮರದಡಿ ದೊಡ್ಡಪ್ಪ ವ್ಯಾನು ನಿಲ್ಲಿಸಿದರು. ಹಿಂದೆ ಮುಂದೆ ತಿರುಗಿಸಿ, ದೊಡ್ಡಮ್ಮನ ಕಿಟಕಿ ಭದ್ರಾವತಿಯ ಕಡೆಗಿರುವಂತೆ ಮಾಡಿ, ಗಾಜು ಇಳಿಸಿದರು. ದೊಡ್ಡಮ್ಮ ಆ ರಸ್ತೆಯನ್ನೇ ನೋಡುತ್ತಾ ಕೂತರು. ಅಕ್ಕನ ಹತ್ತಿರ ಆಡಬೇಕೆಂದಿದ್ದ ಮಾತುಗಳೋ ಏನೋ, ತುಟಿ ಅಲ್ಲಾಡುತ್ತಿತ್ತು.

ದೊಡ್ಡಪ್ಪ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಹಾಲಿಟ್ಟು, ಕೈಯಲ್ಲಿ ಬಟ್ಟೆ ಹಿಡಿದು, ಕಣ್ಣು ಮಿಟುಕಿಸದೆ ಕಾದರು. ಹಾಲು ಏಳುತ್ತಿದ್ದಂತೆ ಎತ್ತಿಬಿಟ್ಟರು. ಕಾಫಿ ಬೆರೆಸಿ ದೊಡ್ಡಮ್ಮನಿಗೊಂದು ಲೋಟ ಕೊಟ್ಟು, ತಾವೊಂದು ಲೋಟ ಹಿಡಿದು ಮಂಚದ ಅಂಚಿಗೆ ಕೂತರು. ಮನೆಯಾಚೆ ಕೂತು ಅವರು ಕಾಫಿ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿಸಿಲು ಇಳಿಯಿತು. “ಎಷ್ಟಿದೆ ನೋಡೇ” ಎಂದರು ದೊಡ್ಡಪ್ಪ.

ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಬಗ್ಗಿ ನೋಡಿದೆ. ಇಷ್ಟು ಹೊತ್ತು ಮೆಷಿನ್ ನಡೆದಿತ್ತು, ಒಲೆ ಉರಿದಿತ್ತು, ಫ್ಯಾನು ತಿರುಗಿತ್ತು. ಆದರೂ ಬ್ಯಾಟರಿ ಮುಕ್ಕಾಲು ಪಾಲು ಉಳಿದಿತ್ತು. ಭದ್ರಾವತಿಗೆ ಹೋಗಿ, ಅಕ್ಕನ ಬಾಗಿಲಲ್ಲಿ ನಿಂತು, ತಿರುಗಿ ಬರಲು ಏನೇನೂ ಅಡ್ಡಿಯಿರಲಿಲ್ಲ.

“ಮನೆಗೆ ಹೋಗೋಕೆ ಸಾಕು ದೊಡ್ಡಪ್ಪ” ಎಂದೆ.