ಬಿದ್ದ ಪಿಚ್ಚರ್, ಎದ್ದ ಕಸ

ಟಾಕೀಸಿನ ಗೇಟಿನ್ಯಾಗ ನಿಂತು ತಿಕೀಟ ಹರಿಯಾವ ನಗೂ ಪ್ರಸಂಗ ಹುಡಕ್ಕೊಂಡ ಹೋಗಬೇಕಾಗಿಲ್ರಿ, ಅವು ತಾವ ತಿಕೀಟ ಹಿಡ್ಕೊಂಡ ಅವನ ಕಡೆ ಬರ್ತಾವ. ಗಜೇಂದ್ರಗಡದ ಒಂದ ಟಾಕೀಸಿನ್ಯಾಗ ನಾ ಗೇಟ್‌ಕೀಪರ್ ಇದ್ದೆ. ಪಿಚ್ಚರಿನ ಫ್ಲೆಕ್ಸ್ ಬ್ಯಾನರ್ ಆಗಷ್ಟ ಬಂದಿದ್ವು. ಬರೇ ಒಂದ ಪಿಚ್ಚರಿನ ಕತಿ ಹೇಳ್ತೀನಿ.

ಆವಾಗ ನನ್ನ ಹಿತ್ತಲದಾಗ ಸೊಂಟದಮಟ ಬೆಳದ ಕಸ. ಕರಿಕಿ, ಜೇಕಿನ ಹುಲ್ಲು, ಮುಳ್ಳು, ಹೆಸರ ಗೊತ್ತಿಲ್ಲದ್ದು ಬ್ಯಾರೆ. ನನ್ನ ಹೆಂಡ್ತಿ ಬೆಳವಣಕಿ ಊರಿನ ಒಕ್ಕಲತನದ ಮನಿ ಮಗಳು. ಅವರಪ್ಪನ ಹೊಲದಾಗ ಹುಡುಕಿದ್ರೂ ಒಂದ ಎಳಿ ಕಸ ಸಿಗೂದಿಲ್ಲ. ಮಾವನವರು ಮುಂದಿನ ತಿಂಗಳ ಬರಾವ್ರ ಇದ್ರು.

"ಅಪ್ಪ ಬರೂದ್ರೊಳಗ ಹಿತ್ತಲ ಹಸನ ಆಗ್ಬೇಕು. ಇಲ್ಲಂದ್ರ ಅಪ್ಪನ ಜೋಡಿ ಅದ ಬಸ್ಸಿಗೆ ನಾನೂ ಹೊಂಟೆ" ಅಂದ್ಲು. ಅಕಿ ಸುಮ್ಮಸುಮ್ಮನ ಅನ್ನಾಕಿ ಅಲ್ರಿ. ಹಿಂದೊಮ್ಮೆ ಹಿಂಗ ಹೋದಾಕಿ ಎರಡ ತಿಂಗಳ ಬರಲಿಲ್ಲ, ನಾ ಮಾಡಿದ ರೊಟ್ಟಿ ನಾನ ತಿಂದೆ.

೧. ಭಾರಿ ಐತಿ!

ಅಷ್ಟರಾಗ ದೊಡ್ಡ ಪಿಚ್ಚರ್ ಬಂತು. ಶಿರೋಳದಿಂದ ಟ್ರ್ಯಾಕ್ಟರ್ ತುಂಬ ಮಂದಿ, ಹಲಗಿ ಬಾರಿಸ್ಕೋತ ಬಂದ್ರು. ಮೊದಲನೇ ಆಟ ಬಿಡ್ತು. ಒಬ್ಬರ ಮುಖದಾಗೂ ಕಳೆ ಇಲ್ಲ, ಸಾವಿನ ಮನಿಯಿಂದ ಬಂದಂಗ ಹೊರಗ ಬಂದ್ರು. ಎರಡನೇ ಆಟಕ್ಕ ನಿಂತ ಪಾಳಿ ಕೇಳ್ತು, "ಹ್ಯಾಂಗೈತ್ರೋ?"

ಎಲ್ಲಾರೂ ಒಮ್ಮಿಗೇ ಕೈ ಎತ್ತಿ, "ಭಾರಿ ಐತಿ! ಬಿಡಬ್ಯಾಡ್ರಿ!" ಅಂದ್ರು.

ಅವರಾಗ ಒಬ್ಬ ಹಿರ್ಯಾನ್ನ ಬಾಜೂಕ ಕರದು, "ಯಣ್ಣಾ, ಖರೇನ ಚಲೋ ಐತೇನು?" ಅಂದೆ.

"ಥೂ! ತಲಿ ಒಡ್ಯಾಕತ್ತೈತಿ. ಹಂಗಂತ ನಾವಷ್ಟ ಯಾಕ ಅನುಭವಿಸ್ಬೇಕೋ ತಮ್ಮಾ?" ಅಂದ.

೨. ಖಾಯಂ ಗಿರಾಕಿ

ಮೂರನೇ ದಿವ್ಸಕ್ಕ ಗುಟ್ಟು ರಟ್ಟಾತು. ಒಳಗ ಏಳ ಮಂದಿ. ಅದರಾಗ ಒಬ್ಬ ನೇಕಾರ ಮಾತ್ರ ದಿನಾ ಬರಾವ, ಅದ ಖುರ್ಚಿ ಹಿಡ್ಯಾವ. ನಮ್ಮ ಮಾಲಕರಿಗೆ ಕಣ್ಣೀರ ಬರೂದೊಂದ ಬಾಕಿ. ಹೊರಗ ಬಂದಾವ್ನ ಕೈ ಹಿಡದು, "ನೀವೊಬ್ರರ ಪಿಚ್ಚರಿನ ಬೆಲಿ ತಿಳಕೊಂಡ್ರಲ್ಲ! ಯಾವ ಸೀನ ಮನಸಿಗೆ ಬಂತ್ರಿ?" ಅಂತ ಕೇಳಿದ್ರು.

"ನಾ ಎಲ್ಲಿ ನೋಡೀನ್ರಿ ಸಾಹುಕಾರ್ರ? ಮನ್ಯಾಗ ಮಗ್ಗದ ಸಪ್ಪಳಕ್ಕ ಹಗಲಿ ನಿದ್ದಿ ಹತ್ತೂದಿಲ್ಲ. ಇಲ್ಲಿ ತಂಪ ಐತಿ, ಮಂದಿ ಇಲ್ಲ. ಆ ಹೊಡೆದಾಟದ ಸಪ್ಪಳ ಒಂದ ಸ್ವಲ್ಪ ಕಮ್ಮಿ ಮಾಡಸ್ರಿ, ಪುಣ್ಯಾ ಬರತೈತಿ."

೩. ಹಿತ್ತಲಕ್ಕ ಬಂದ ಹೀರೋ

ನಾಕನೇ ದಿವ್ಸಕ್ಕ ಪಿಚ್ಚರ್ ತಗದ್ರು. ಮಾಳಗಿ ಎತ್ತರದ ಫ್ಲೆಕ್ಸ್ ಇಳಿಸಿ, "ಇದನ್ನ ನನ್ನ ಕಣ್ಣ ಮುಂದ ಇಡಬ್ಯಾಡೋ ಮಾರಾಯಾ, ಎಲ್ಲೆರ ಒಯ್ಯಿ" ಅಂದ್ರು ಮಾಲಕರು.

ನನ್ನ ತಲ್ಯಾಗ ದೀಪ ಹತ್ತಿತು. ಹಿತ್ತಲಕ್ಕ ಒಯ್ದು ಕಸಾ ತುಳದು, ಅದರ ಮ್ಯಾಲೆ ಹೀರೋನ ಮುಖ ಮ್ಯಾಲಾಗೂವಂಗ ಹಾಸಿ ನಾಕೂ ಮೂಲಿಗೆ ಕಲ್ಲ ಇಟ್ಟೆ. ಬಿಸಲ ಇಲ್ಲಂದ್ರ ಕಸ ತಾನ ಸಾಯತೈತಿ, ಸೊಂಟ ಬಗ್ಗಿಸೂ ಕೆಲಸನ ಇಲ್ಲ! ನಾ ಎಂಥಾ ಶ್ಯಾಣ್ಯಾ ಅಂತ ಆ ರಾತ್ರಿ ಗಡದ್ದ ನಿದ್ದಿ ಮಾಡ್ದೆ.

ಮರುದಿವ್ಸ ಹೆಂಡ್ತಿ ಒದರಿದ್ಲು. "ಏನ್ರಿ ಇದು? ಅರಬಿ ಒಣಹಾಕಾಕ ಹೋದ್ರ ಯಾವನೋ ಗಂಡಸ ಕಣ್ಣ ಪಿಳಕಸದ ನನ್ನ ನೋಡ್ತಾನ!"

ಹೋಗಿ ಎರಡ ಕರೇ ಬುಟ್ಟಿ ತಂದು ಅವನ ಎರಡೂ ಕಣ್ಣಿನ ಮ್ಯಾಲೆ ಬ್ವಾರಲ ಹಾಕಿದ್ಲು. ನನಗೇನ ಅನಸ್ತು ಹೇಳ್ಲಿ? ಇಡೀ ಪಿಚ್ಚರಿನ್ಯಾಗ ಅಂವಗ ಒಪ್ಪದ ಗಾಗಲ್ಲು ನಮ್ಮ ಹಿತ್ತಲದಾಗ ಒಪ್ಪಿತ್ತು.

೪. ಮಾವನವರ ಲೆಕ್ಕ

ಮೂರ ವಾರ ನಾ ಹಿತ್ತಲದ ಕಡೆ ಹೊಳ್ಳಿ ನೋಡ್ಲಿಲ್ಲ. ನಡುವ ಮಳಿ ಬ್ಯಾರೆ ಆತು. ಮಾವನವರು ಬರೂ ದಿವ್ಸ ಮುಂಜಾನೆ ಹೋಗಿ ನೋಡ್ದೆ. ಹೀರೋಗ ಹಸರ ಗಡ್ಡ ಬಂದೈತಿ!

ಆಗಿದ್ದ ಏನಂದ್ರ, ಬಿಡುಗಡಿ ದಿವ್ಸ ಅಭಿಮಾನಿಗಳು ಅವನ ಫ್ಲೆಕ್ಸಿಗೆ ಚೆಂಡು ಹೂವಿನ ಮಾಲಿ ಹಾಕಿ, ಜಾರಬಾರ್ದಂತ ಈ ಕಿವಿಯಿಂದ ಗದ್ದದ ಗುಂಟ ಆ ಕಿವಿಮಟ ಮೊಳಿ ಹೊಡದಿದ್ರು. ಆ ತೂತಿನ್ಯಾಗಿಂದ ಜೇಕು ಸಾಲಹಿಡದ ಎದ್ದು ನಿಂತಿತ್ತು. ಉಳದ ಕಸ ಸತ್ತಿತ್ತು, ಅದ ಮಾತ್ರ ಸಾಯಾಕ ತಯಾರಿರಲಿಲ್ಲ.

ಬಾಜೂ ಮನಿ ಮಾಳಗಿ ಮ್ಯಾಲಿಂದ ಯಾರೋ ನೋಡಿ ಸುದ್ದಿ ಮುಟ್ಟಿಸಿದ್ರು. ಐದಾರ ಮಂದಿ ಅಭಿಮಾನಿಗಳು ಓಡಿ ಬಂದ್ರು. "ನಮ್ಮ ಹೀರೋನ್ನ ಕಸದಾಗ ಕೆಡವೀರಿ! ತಪ್ಪಾತು ಅನ್ನೂತನಕ ನಾವು ಇಲ್ಲಿಂದ ಕದಲೂದಿಲ್ಲ!" ಅಂತ ಅವರ ಮುಂದಾಳು ಅಲ್ಲೇ ಕುಂತ. ನಾ ತಲಿ ಮ್ಯಾಲೆ ಕೈ ಹೊತ್ತು ಕಟ್ಟಿ ಮ್ಯಾಲೆ ಕುಂತೆ. ಅದ ಹೊತ್ತಿಗೆ ಮಾವನವರು ಚೀಲ ಹಿಡ್ಕೊಂಡ ಒಳಗ ಬಂದ್ರು. ಹಿಂದ ಬಾಗಲದಾಗ ನನ್ನ ಹೆಂಡ್ತಿ, ಕೈಯಾಗ ಅಕಿ ಸೀರಿ ಬ್ಯಾಗ. ಮುಗೀತು ನನ್ನ ಕತಿ ಅಂದ್ಕೊಂಡೆ.

ಮಾವನವರು ಕಸ ನೋಡಿದ್ರು, ಗಡ್ಡ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲೆ ಆ ಮುಂದಾಳಿನ ಕಡೆ ಹೊಳ್ಳಿ, "ಏನಪಾ, ಈ ಪಿಚ್ಚರ್ ಟಾಕೀಸಿನ್ಯಾಗ ಎಷ್ಟ ದಿವ್ಸ ಓಡ್ತು?" ಅಂದ್ರು.

ಅಂವ ತಲಿ ಕೆಳಗ ಹಾಕಿ, "ಮೂರ ದಿವ್ಸರಿ ಅಜ್ಜಾರ."

"ಅಳಿಯಂದ್ರ, ಇಲ್ಲಿ ಹಾಸಿ ಎಷ್ಟ ದಿವ್ಸ ಆತು?"

"ಮೂರ ವಾರ ಆತ್ರಿ" ಅಂದೆ.

"ಮತ್ತ್ಯಾಕ ಜಗಳ ತಗೀತೀರಪಾ? ಅಲ್ಲಿ ಮೂರ ದಿವ್ಸಕ್ಕ ಬಿದ್ದಿದ್ದನ್ನ ನಮ್ಮ ಅಳಿಯಾ ಇಲ್ಲಿ ಮೂರ ವಾರ ಹೌಸ್‌ಫುಲ್ ಓಡಿಸ್ಯಾನ!"

ಮೊದಲ ನಕ್ಕಾಂವ ಆ ಮುಂದಾಳ. ಆಮ್ಯಾಲೆ ಎಲ್ಲಾರೂ. ನನಗೂ ಜೀವ ಬಂದಂಗಾಗಿ, ಕಟ್ಟಿ ಮ್ಯಾಲೆ ಕುಂತಲ್ಲೇ ಹೊಟ್ಟಿ ಹಿಡ್ಕೊಂಡ ನಗಾಕತ್ತೆ. ಹೆಂಡ್ತಿನೂ ಸೆರಗು ಬಾಯಿಗೆ ಹಿಡದು ನಕ್ಕು, ಬ್ಯಾಗ ಒಳಗ ಇಟ್ಟು, ಕಸ ತಗಿಯೂ ಕುರ್ಪಿ ತಂದು ನನ್ನ ಕೈಯಾಗ ತುರುಕಿದ್ಲು.

"ಏಳ್ರಿ ಮ್ಯಾಲೆ, ಇಂಟರ್‌ವಲ್ ಮುಗೀತು."