ವಾಚ್‌ಮನ್ ಕಾಕಾನ ಖೋಲಿ ಮತ್ತು ನಮ್ಮ ಕರಡು ನಿಯಮ

ಅಹವಾಲು ಸಭೆ ಅಂದಮೇಲೆ ಅಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಸಭೆಯಿಂದಲೂ ನಾನು ನಗದೆ ಮನೆಗೆ ಬಂದದ್ದಿಲ್ಲ. ಆದರೆ ಮುಂಜಾನೆ ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಕೂತಾಗ, ಅದೇ ನಗುವಿನ ಸಂಗತಿಗಳು ಒಂದೊಂದಾಗಿ ನೆನಪಾಗಿ ಕಣ್ಣು ತೇವ ಮಾಡುತ್ತವೆ. ಶಿವನಿಗೆ ಒಪ್ಪಿಸಿದ್ದಾಗಿದೆ. ನಿಮಗೂ ಒಪ್ಪಿಸಿಬಿಡುತ್ತೇನೆ.

ಮೊದಲು ಕೆಲಸ ಏನಂತ ಹೇಳಬೇಕು. ನಮ್ಮ ಕಡೆ ಸಿಮೆಂಟ್ ಫ್ಯಾಕ್ಟರಿಗಳಿಗೆ ಬರವಿಲ್ಲ. ಕೆಲವು ಕಡೆ ಉಗ್ರಾಣದ ಒಳಗೆ ಮಾಲು ಎಲ್ಲಿಯವರೆಗೆ ತುಂಬಿದೆ ಅಂತ ಹೊರಗಿನಿಂದಲೇ ಹೇಳುವ ಒಂದು ಯಂತ್ರ ಇರುತ್ತದೆ. ಅದರ ಹೊಟ್ಟೆಯಲ್ಲಿ ಕಬ್ಬಿಣದ ಕವಚದೊಳಗೆ ಒಂದು ಸಣ್ಣ ವಿಕಿರಣದ ಗುಳಿಗೆ. ಯಂತ್ರ ಮುದಿಯಾದರೂ ಗುಳಿಗೆ ಮುದಿಯಾಗುವುದಿಲ್ಲ. ಅದೂ ಅಣುತ್ಯಾಜ್ಯವೇ. ಅದನ್ನು ಎಲ್ಲಿ, ಹೇಗೆ ಇಡಬೇಕು, ಆಮೇಲೆ ಹೇಗೆ ಸಾಗಿಸಬೇಕು ಅಂತ ಒಂದು ಕರಡು ನಿಯಮ ಮೇಲಿನಿಂದ ಬಂತು. ಊರೂರಿಗೆ ಹೋಗಿ ಜನರ ಮಾತು ಕೇಳಿ ವರದಿ ಕಳಿಸುವುದು ನಮ್ಮ ಪಾಲಿಗೆ ಬಂತು. ಸಾಹೇಬರು ಕೇಳಬೇಕು, ಗುಮಾಸ್ತನಾದ ನಾನು ಬರೆದುಕೊಳ್ಳಬೇಕು. ಸಿಬ್ಬಂದಿ ತಮ್ಮ ಅಭಿಪ್ರಾಯ ಮಾತ್ರ ಬಾಯಿಬಿಟ್ಟು ಹೇಳಕೂಡದು. ಇದು ಸಾಹೇಬರು ಜೀಪು ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಹೇಳುತ್ತಿದ್ದ ಮಂತ್ರ.

ಶಹಾಬಾದ: ಕೇಳಿಸಿತು, ದಾಖಲಾಗಲಿಲ್ಲ

ಮೊದಲ ಸಭೆಯಲ್ಲೇ ಮುಂದಿನ ಸಾಲಿನ ಒಬ್ಬರು ಎದ್ದು ಕೇಳಿದರು: "ಸಾಹೇಬ್ರ, ಈ ನಿಯಮ ಚಲೋ ಅದನೋ ಕೆಟ್ಟ ಅದನೋ?"

"ನಾವು ಅಭಿಪ್ರಾಯ ಹೇಳಾಂಗಿಲ್ರಿ. ಹೇಳಬೇಕಾದವ್ರು ನೀವು."

"ನಮಗ ತಿಳೀವಲ್ದು ಅಂತೇ ನಿಮಗ ಕೇಳಲತ್ತೀವಿ!"

"ತಿಳೀವಲ್ದು ಅಂತ ಬರಕೋರಿ," ಅಂದರು ಸಾಹೇಬರು ನನಗೆ. ನಾನು ಬರೆದುಕೊಂಡೆ.

ಆಗ ಹಿಂದಿನಿಂದ ಒಬ್ಬ ಮುದುಕ ಬಂದ. ಊರಾಚೆ ಮುಚ್ಚಿಹೋದ ಒಂದು ಸಣ್ಣ ಫ್ಯಾಕ್ಟರಿಯ ವಾಚ್‌ಮನ್. ಎಲ್ಲರೂ ಅವನಿಗೆ ಕಾಕಾ ಅನ್ನುತ್ತಿದ್ದರು. ಫ್ಯಾಕ್ಟರಿ ಮುಚ್ಚಿದಾಗ ಆ ಹಳೇ ಯಂತ್ರಗಳನ್ನು ಒಂದು ಕೋಣೆಯಲ್ಲಿ ಹಾಕಿ ಬೀಗ ಜಡಿದಿದ್ದಾರೆ. ಆ ಕೋಣೆಗೂ ಕಾಕಾ ವಾಸವಿರುವ ಖೋಲಿಗೂ ನಡುವೆ ಒಂದೇ ಗೋಡೆ. ಒಳಗೆ ಏನಿದೆ ಅಂತ ತಿಳಿದ ದಿನ ಅವನ ಹೆಂಡತಿ ಗಂಟು ಕಟ್ಟಿಕೊಂಡು ಕುರಕುಂಟಾಕ್ಕೆ, ಮಗಳ ಮನೆಗೆ ಹೋಗಿಬಿಟ್ಟಿದ್ದಾಳೆ.

"ವಾಚ್‌ಮನ್ ಖೋಲಿ ಆ ಸಾಮಾನಿನಿಂದ ದೂರ ಇರಬೇಕು ಅಂತ ಒಂದು ಲೈನ್ ಹಾಕ್ರಿ ಸಾಹೇಬ್ರ. ಅಷ್ಟಾದ್ರ ಮಾಲಕರು ನನಗ ಬ್ಯಾರೆ ಖೋಲಿ ಕೊಡತಾರ, ಆಕಿ ಬರತಾಳ. ಮೂರು ತಿಂಗಳಾತು, ನಾ ಮಾಡಿದ ರೊಟ್ಟಿ ನಾನೇ ತಿನ್ನಲತ್ತೀನಿ. ಅದೂ ಒಂದು ಅಪಾಯಾನೇ ಅದರಿ."

ಸಭೆಯೆಲ್ಲ ನಕ್ಕಿತು. ಸಾಹೇಬರು ಅಂದರು, "ಲಿಖಿತದಾಗ ಕೊಡ್ರಿ ಕಾಕಾ."

"ಈಗ ಹೇಳಿದ್ದು ಕೇಳಿಸಲಿಲ್ಲೇನ್ರಿ?"

"ಕೇಳಿಸ್ತು. ಬರವಣಿಗಿಯಾಗ ಕೊಡೋತನಕ ದಾಖಲಾಗಂಗಿಲ್ಲ."

ಕಾಕಾ ಗಲ್ಲದ ಮೇಲೆ ಕೈ ಇಟ್ಟುಕೊಂಡ. "ಎಂಥಾ ಚಲೋ ಉಪಾಯ! ಮದುವಿಯಾದ ದಿನಾನೇ ಇದು ನನಗ್ಯಾರಾದ್ರೂ ಹೇಳಿಕೊಡಬಾರದಾಗಿತ್ತೇನು?"

ವಾಡಿ: ಖಾಲಿ ಡಬ್ಬಿಗೆ ಪೂಜೆ

ಜನರ ಅಂಜಿಕೆ ಹೋಗಲಿ ಅಂತ ಸಾಹೇಬರು ಯಂತ್ರದ ಒಂದು ಖಾಲಿ ಕವಚ ತರಿಸಿದ್ದರು. ಹಳದಿ ಬಣ್ಣದ್ದು, ಗುಂಡಗೆ, ಮೊಣಕಾಲೆತ್ತರ. ಸಭೆಗೆ ಮೊದಲು ಅದನ್ನು ವೇದಿಕೆಯ ಮೇಲಿಟ್ಟು ನಾವು ಚಹಾಕ್ಕೆ ಹೋದೆವು. ಬರುವಷ್ಟರಲ್ಲಿ ಸಭಾಂಗಣ ಗುಡಿಸುವ ತಾಯಿ ಅದಕ್ಕೆ ಕುಂಕುಮ ಹಚ್ಚಿ, ಎರಡು ಚೆಂಡುಹೂವು ಏರಿಸಿ, ಊದಿನಕಡ್ಡಿ ಬೆಳಗಿ ಬಿಟ್ಟಿದ್ದಳು. ಬಂದವರೆಲ್ಲ ಕೈಮುಗಿದು ಕೂರುತ್ತಿದ್ದರು. ನಾನೂ ಅಭ್ಯಾಸಬಲದಿಂದ ಕೈಮುಗಿದುಬಿಟ್ಟೆ.

"ರೀ, ನೀವೂ ಏನ್ರಿ!" ಸಾಹೇಬರು ಹಲ್ಲು ಕಡಿದರು. "ಸಿಬ್ಬಂದಿ ಯಾವ ಕಡೆಗೂ ವಾಲಬಾರದು!"

ಶಿವ ಎಲ್ಲದರಲ್ಲೂ ಇದ್ದಾನೆ ಅನ್ನುವವನು ನಾನು. ಸರಕಾರಿ ಕವಚದಲ್ಲಿ ಮಾತ್ರ ಇಲ್ಲ ಅಂತ ಹೇಗೆ ಹೇಳಲಿ?

ಕಾಕಾ ಅರ್ಜಿ ಬರೆಸಿಕೊಂಡು ವಾಡಿಗೂ ಬಂದಿದ್ದ. ಒಂದೇ ಪ್ರತಿ ಇತ್ತು. ಮೂರು ಬೇಕು ಅಂತ ನಾನೇ ಹಿಂದಕ್ಕೆ ಕೊಟ್ಟೆ. ಅವನು ವೇದಿಕೆಯ ಕಡೆ ನೋಡಿ ಅಂದ, "ಖಾಲಿ ಇದ್ದದ್ದಕ್ಕ ಇಷ್ಟು ಪೂಜಾ. ನನ್ನ ಗ್ವಾಡಿ ಆಚಿ ತುಂಬಿದ್ದು ಅದ, ಅದಕ್ಕ ಕಡ್ಡಿ ಬೆಳಗಲಿಕ್ಕ ಯಾರೂ ಬರವಲ್ರು."

ಚಿತ್ತಾಪುರ: ಕಾಗಿಣೆಯ ಹಡಗು

ಮೂರನೇ ಸಭೆಗೆ ಮೂರು ಪ್ರತಿ ಬಂದವು. ಆದರೆ ಯಾವ ಕಲಮಿನ ಮೇಲೆ ಆಕ್ಷೇಪ ಅಂತ ನಮೂದಿಸಬೇಕು. ಕರಡು ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಇನ್ನೂ ಬರುತ್ತಲೇ ಇತ್ತು. ಕಾಕಾ ತಹಶೀಲ್ ಕಚೇರಿಯ ಮುಂದಿನ ಟೈಪಿಸ್ಟನ ಹತ್ತಿರ ಹೋದ. ಟೈಪಿಸ್ಟ್ ಯಾವುದೋ ಒಂದು ಕಲಂ ಹಾಕಿಕೊಟ್ಟ.

ಸಾಹೇಬರು ಓದಿ ಕನ್ನಡಕ ತೆಗೆದರು. "ಕಾಕಾ, ಇದು ಹಡಗಿನ್ಯಾಗ ಸಮುದ್ರದ ಮ್ಯಾಲೆ ಸಾಗಿಸೋ ಕಲಮು. ನಿಮ್ಮ ಊರಾಗ ಸಮುದ್ರ ಎಲ್ಲಿ ಅದ?"

ಕಾಕಾನಿಗೆ ಬಸ್ಸಿನ ಪ್ರಯಾಣ, ಮೂರು ಪ್ರತಿ, ಟೈಪಿಸ್ಟನ ಮುಂದಿನ ಸರದಿ ಎಲ್ಲ ನೆನಪಾಗಿರಬೇಕು. ಸೋಲಲು ತಯಾರಿರಲಿಲ್ಲ.

"ಕಾಗಿಣಾ ಹೊಳಿ ಅದಲ್ರಿ. ಮಳಿಗಾಲದಾಗ ಒಮ್ಮೆ ಬಂದು ನೋಡ್ರಿ. ಆಮ್ಯಾಲೆ ಮಾತಾಡ್ರಿ."

ಅರ್ಜಿ ಸ್ವೀಕಾರವಾಯಿತು, ಹಡಗಿನ ಕಲಮಿನಡಿಯಲ್ಲೇ. ಸರಿಯಾದ ಕಲಂ ಯಾವುದೆಂದು ನನಗೆ ಗೊತ್ತಿತ್ತು. ಹೇಳಿದರೆ ಸಲಹೆ ಕೊಟ್ಟಂತಾಗುತ್ತದೆ ಅಂತ ಹೇಳಲಿಲ್ಲ. "ಶಿವಾ, ನೀನೇ ಸರಿ ಮಾಡು" ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಶಿವ ಅದಕ್ಕೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದ ಅಂತ ಆಗ ಹೊಳೆಯಲಿಲ್ಲ.

ಸೇಡಂ

ಮಗಳ ಊರು ಕುರಕುಂಟಾ ಇಲ್ಲಿಗೆ ಹತ್ತಿರವೇ. ಈ ಸಭೆಗೆ ಕಾಕಾನ ಹೆಂಡತಿಯೇ ಬಂದಳು. ಸಾಹೇಬರ ಹತ್ತಿರ ಹೋಗಲಿಲ್ಲ, ನೆಟ್ಟಗೆ ನನ್ನ ಮೇಜಿಗೆ ಬಂದಳು.

"ಯಣ್ಣಾ, ಹಣಿ ತುಂಬಾ ಇಬತ್ತಿ ಹಚ್ಚೀರಿ. ನೀವು ಸುಳ್ಳ ಹೇಳಂಗಿಲ್ಲ. ಆ ಖೋಲ್ಯಾಗ ನೀವಾದ್ರ ಮಲಗತೀರೇನು?"

"ತಾಯಿ, ನಾವು ಅಭಿಪ್ರಾಯ ಹೇಳಾಂಗಿಲ್ಲ."

"ಅಭಿಪ್ರಾಯ ಯಾರು ಕೇಳ್ಯಾರ? ಮಲಗತೀರೇನು ಅಂತ ಕೇಳಿದೆ."

ನಾನು ರಿಜಿಸ್ಟರಿನ ಪುಟ ತಿರುಗಿಸಿದೆ. ಆ ಪುಟದಲ್ಲಿ ಏನೂ ಇರಲಿಲ್ಲ. ಆಕೆ "ಮಲಗಂಗಿಲ್ಲ, ತಿಳೀತು ಬಿಡ್ರಿ" ಅಂತ ಸೆರಗು ಸರಿಮಾಡಿಕೊಂಡು ಹೋದಳು. ಅಷ್ಟು ಊರು ತಿರುಗಿದ್ದರಲ್ಲಿ ಸಿಬ್ಬಂದಿಯ ಅಭಿಪ್ರಾಯವನ್ನು ಪಡೆದುಕೊಂಡು ಹೋದವಳು ಆಕೆ ಒಬ್ಬಳೇ.

ಚಿಂಚೋಳಿ: ತುಂಬಿದ ಸಭೆ

ಕೊನೆಯ ಸಭೆ. ಬಿಸಿಲು ನೆತ್ತಿಗೇರಿದರೂ ಒಬ್ಬರೂ ಬರಲಿಲ್ಲ. ಸಹಿ ಇಲ್ಲದ ಹಾಜರಿಪಟ್ಟಿ ಕಳಿಸುವುದು ಹೇಗೆ ಅಂತ ಸಾಹೇಬರ ಮುಖ ಬಾಡಿತ್ತು. ಅಷ್ಟರಲ್ಲಿ ಏಳೆಂಟು ಜನ ಒಟ್ಟಿಗೆ ಬಂದರು. ತೆಲುಗಿನಲ್ಲಿ ಏರುದನಿಯಲ್ಲಿ ಚೆನ್ನಾಗಿ ಮಾತಾಡಿದರು, ಅಂಜಿಕೆಗಳನ್ನು ಒಂದೊಂದಾಗಿ ಎಣಿಸಿದರು, ಎಲ್ಲರೂ ಸಹಿ ಮಾಡಿದರು. ಸಾಹೇಬರಿಗೆ ಜೀವ ಬಂದಂತಾಯಿತು. ವಿಳಾಸ ಓದಿದಾಗ ಗೊತ್ತಾಯಿತು, ಎಲ್ಲರೂ ಗಡಿಯಾಚೆಯವರು.

"ನಿಮ್ಮ ಕಡಿ ಸಭಾ ಕರೆದಾಗ ಅಲ್ಲಿ ಹೇಳಬೇಕಲ್ರಿ?" ಅಂದೆ.

"ನಮ್ಮ ಕಡಿ ಯಾರೂ ಕರೀಲಿಲ್ರಿ," ಹಿರಿಯರೊಬ್ಬರು ಅರೆಗನ್ನಡದಲ್ಲಿ ಅಂದರು. "ನಿಮ್ಮ ಕಡಿ ಕೇಳಲಿಕ್ಕ ಜನ ಅದಾರ, ಹೇಳಲಿಕ್ಕ ಇಲ್ಲ ಅಂತ ಸುದ್ದಿ ಬಂತು. ಬಂದಿವಿ."

ಅವತ್ತೇ ಮಧ್ಯಾಹ್ನ ಅಲ್ಲಿನ ಪ್ರವಾಸಿ ಮಂದಿರದಲ್ಲಿ ಕೂತು ವರದಿ ಬರೆದೆವು. ಮೂರು ಕಾಲಂ: ಪರ, ವಿರೋಧ, ಇತರೆ. ಕಾಕಾ 'ಇತರೆ'ಗೆ ಹೋದ. ವರದಿಯ ಕೊನೆಗೆ 'ಸಿಬ್ಬಂದಿ ಟಿಪ್ಪಣಿ' ಅಂತ ಒಂದು ಪುಟ ಇರುತ್ತದೆ. ಸಭೆಯಲ್ಲಿ ಬಾಯಿ ಬಿಡಬಾರದು ಖರೆ, ಆದರೆ ಕಂಡದ್ದನ್ನು ಅಲ್ಲಿ ಬರೆಯಬಹುದು. ವಾಚ್‌ಮನ್ ಖೋಲಿಯ ಮಾತು ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಪೆನ್ನು ತೆಗೆದೆ.

"ಏನು ಮಾಡಲತ್ತೀರಿ? ಆ ಪುಟ ಸೀಲ್ ಒತ್ತಲಿಕ್ಕ ಅದ," ಅಂದರು ಸಾಹೇಬರು. ಅವರು ಕೆಟ್ಟವರಲ್ಲ. ಅವರಿಗೂ ಹಿಂದಿನವರು ಹಾಗೆಯೇ ಹೇಳಿಕೊಟ್ಟಿದ್ದರು. ಪೆನ್ನು ಜೇಬಿಗಿಟ್ಟೆ. ಸೀಲು ಚೆನ್ನಾಗಿ ಬಿತ್ತು. ಅಷ್ಟು ಸ್ವಚ್ಛ ಸೀಲನ್ನು ನಾನು ಮತ್ತೆ ನೋಡಿಲ್ಲ.

ಮತ್ತೆ ಶಹಾಬಾದ: ನಿಯಮ ಜಾರಿಯಾಯಿತು

ನಿಯಮ ಬಂತು. ಕಾಕಾನಿಗೆ ಉತ್ತರವೂ ಬಂತು: ಸಮುದ್ರ ಸಾಗಣೆ ಕುರಿತ ತಮ್ಮ ಸಲಹೆಯನ್ನು ಗಮನಿಸಲಾಗಿದೆ. ಖೋಲಿಯ ಮಾತಿಲ್ಲ. ಹೊಸದಾಗಿ ಒಂದು ಸಾಲು ಮಾತ್ರ ಸೇರಿತ್ತು: ಇಂಥ ಸಾಮಾನು ಇಟ್ಟ ಕಟ್ಟಡಕ್ಕೆ ರಸ್ತೆಯಿಂದ ಕಾಣುವಂತೆ ಅಪಾಯದ ಫಲಕ ಹಾಕತಕ್ಕದ್ದು.

ತಪಾಸಣೆಗೆ ಹೋದೆವು. ಬೀಗ ಹಾಕಿದ ಕೋಣೆಯ ಬಾಗಿಲು ಹಿಂದಕ್ಕೆ, ಹಳೇ ಕಲ್ಲುಗಣಿಯ ಕಡೆಗಿದೆ. ರಸ್ತೆಗೆ ಕಾಣುವುದು ಕಾಕಾನ ಖೋಲಿಯ ಬಾಗಿಲೊಂದೇ. ಮಾಲಕರ ಮಂದಿ ನಿಯಮ ಓದಿ, ನಿಯಮದಂತೆಯೇ ಮಾಡಿದ್ದರು. ಕಾಕಾನ ಬಾಗಿಲಿಗೆ ಕೆಂಪು ಫಲಕ, ತಲೆಬುರುಡೆ, ಕೆಳಗೆ ದೊಡ್ಡ ಅಕ್ಷರ: 'ಅಪಾಯ. ಹತ್ತಿರ ಬರಬೇಡಿ.'

ಸಾಹೇಬರು ರಸ್ತೆಯಲ್ಲಿ ನಿಂತು ನೋಡಿದರು. "ಕಾಣತದ?"

"ಕಾಣತದ್ರಿ," ಅಂದೆ. ಅವರು ಸರಿ ಗುರುತು ಹಾಕಿ ಜೀಪಿನ ಕಡೆ ನಡೆದರು.

ಕಾಕಾ ಬೇವಿನ ಗಿಡದ ಕೆಳಗೆ ಕೂತಿದ್ದ. ಹತ್ತಿರ ಹೋಗಿ ನಾನು ಕೈಮುಗಿದೆ. "ಕಾಕಾ, ತಪ್ಪು ನಂದು. ಎರಡು ಲೈನ್ ಬರೀಬಹುದಾಗಿತ್ತು, ಬರೀಲಿಲ್ಲ."

"ಹೋಗ್ಲಿ ಬಿಡ್ರಿ, ಕುಂದ್ರಿ," ಅಂತ ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ನಿಯಮ ಬಂದದ, ಎಲ್ಲಾ ಸರಿ ಆಗ್ಯದ ಅಂತ ಮಗಳ ಮುಂದ ಹೇಳಿಕಳಿಸಿದ್ದೆ. ನಿನ್ನಿ ನನ್ನ ಹೆಣ್ತಿ ಗಂಟು ತಗೊಂಡು ಆಟೋದಾಗ ಬಂದಳು."

"ಬಂದ್ರಾ? ಎಲ್ಲಿ ಅದಾರ?"

"ಇಳೀಲೇ ಇಲ್ರಿ. ಬೋರ್ಡ್ ನೋಡಿದಳು. ಬೋರ್ಡಿನ ಬುಡಕ ನಿಂತಿದ್ದ ನನ್ನ ನೋಡಿದಳು. ಅದೇ ಆಟೋದಾಗ ಹೊಳ್ಳಿ ಹೋದಳು." ಅವನು ನಕ್ಕ. ನನಗೂ ನಗು ಬಂತು, ತಡೆಯಲಾಗಲಿಲ್ಲ, ಶಿವ ಕ್ಷಮಿಸಲಿ. ಕಾಕಾ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಅಂದ:

"ನಿಮ್ಮ ನಿಯಮ ಬರೋಕಿಂತ ಮೊದಲ ಆಕಿ ಆ ಖೋಲಿಗಿ ಅಂಜತಿದ್ದಳ್ರಿ. ಈಗ ನನಗ ಅಂಜತಾಳ."